ನೀನಾಸಮ್ ರಂಗಶಿಕ್ಷಣ ಕೇಂದ್ರ

ನೀನಾಸಮ್ ರಂಗಶಿಕ್ಷಣ ಕೇಂದ್ರವು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಗ್ರಾಮದಲ್ಲಿರುವ ಕನ್ನಡ ಮಾಧ್ಯಮದ ರಂಗಶಾಲೆ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘದ ಅಂಗವಾಗಿ ಇದನ್ನು 1980ರಲ್ಲಿ ಕೆ.ವಿ. ಸುಬ್ಬಣ್ಣನವರು ಆರಂಭಿಸಿದರು. ಸಿ.ಆರ್. ಜಂಬೆಯವರು ದೀರ್ಘಕಾಲ ಇದರ ಪ್ರಾಂಶುಪಾಲರಾಗಿದ್ದರು.

ವಿದ್ಯಾರ್ಥಿಗಳು

ಪ್ರತಿ ತಂಡದಲ್ಲಿ ಇಪ್ಪತ್ತರ ಆಸುಪಾಸಿನಷ್ಟು ವಿದ್ಯಾರ್ಥಿಗಳು ಮಾತ್ರ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಕರ್ನಾಟಕದ ಹಳ್ಳಿಗಳಿಂದ ಮತ್ತು ಸಣ್ಣ ಪಟ್ಟಣಗಳಿಂದ ಬಂದವರು. ಅವರು ಅಲ್ಲಿಯೇ ವಾಸವಾಗಿದ್ದು ಕಲಿಯುತ್ತಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯಲು ಹಿಂದಿ, ಇಂಗ್ಲಿಷ್ ತಿಳಿದಿರಬೇಕಾಗುತ್ತದೆ. ಇಲ್ಲಿ ಪಾಠವೆಲ್ಲ ಕನ್ನಡದಲ್ಲಿಯೇ ನಡೆಯುವುದರಿಂದ, ಬೇರೆ ಭಾಷೆಯ ತೊಡಕಿನಿಂದ ಪ್ರತಿಭಾವಂತರು ಹಿಂದೆ ಉಳಿಯುವುದು ತಪ್ಪಿದೆ.

ಕಲಿಕೆ ಮತ್ತು ಸಾಧನೆ

ಡಿಪ್ಲೊಮಾ ಶಿಕ್ಷಣದಲ್ಲಿ ಅಭಿನಯ, ರಂಗಸಜ್ಜಿಕೆ, ಪ್ರಸಾಧನ, ಬೆಳಕಿನ ವಿನ್ಯಾಸ ಹಾಗೂ ರಂಗಭೂಮಿಯ ಇತಿಹಾಸವನ್ನು ಕಲಿಸಲಾಗುತ್ತದೆ. ಕಲಿತದ್ದನ್ನು ವಿದ್ಯಾರ್ಥಿಗಳು ನಾಟಕ ಪ್ರಯೋಗಗಳಲ್ಲಿ ಒರೆಗೆ ಹಚ್ಚುತ್ತಾರೆ. ಊರಿನ ಜನರೂ ಈ ಪ್ರಯೋಗಗಳಿಗೆ ಪ್ರೇಕ್ಷಕರಾಗುವುದರಿಂದ ಪರೀಕ್ಷೆಯು ತರಗತಿಯ ಒಳಗೆ ಮುಗಿಯುವುದಿಲ್ಲ.

ರಂಗಶಿಕ್ಷಣ ಪಡೆದವರಿಗೆ ವೃತ್ತಿಯ ದಾರಿ ಕಿರಿದು. ಅದನ್ನು ಅಗಲಗೊಳಿಸುವಲ್ಲಿ 1985ರಲ್ಲಿ ಆರಂಭವಾದ ಸಂಚಾರಿ ತಂಡ ‘ತಿರುಗಾಟ’ದ ಪಾತ್ರ ದೊಡ್ಡದು. ಕೇಂದ್ರದಲ್ಲಿ ಕಲಿತ ಅನೇಕರು ಈ ತಂಡದೊಂದಿಗೆ ನಾಡಿನುದ್ದಕ್ಕೂ ಸಂಚರಿಸಿ ನಾಟಕ ಪ್ರದರ್ಶಿಸಿದ್ದಾರೆ. ಚಲನಚಿತ್ರ ನಟರಾದ ಅಚ್ಯುತ್ ಕುಮಾರ್ ಮತ್ತು ಸತೀಶ್ ನೀನಾಸಂ ಇಲ್ಲಿನ ಹಳೆಯ ವಿದ್ಯಾರ್ಥಿಗಳು. ಪ್ರಸಿದ್ಧಿಗೆ ಬಾರದೆ ತಮ್ಮ ಊರುಗಳಲ್ಲಿ ತಂಡ ಕಟ್ಟಿದವರು, ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವವರು ಸಹ ಈ ಕೇಂದ್ರದ ಸಾಧನೆಯ ಭಾಗವೇ ಆಗಿದ್ದಾರೆ.