ಬಳಪವನ್ನೂ ಬಿಡದೆ ಬರೆದ ರಾಯಭಾರಿ

ಪ್ರೌಢದೇವರಾಯನ ವಿಜಯನಗರದಲ್ಲಿ ಬೀದಿ ತುಂಬ ಯಾವ ಹೂವಿನ ಪರಿಮಳ ಹರಡಿರುತ್ತಿತ್ತು? ಒಡ್ಡೋಲಗಕ್ಕೆ ಬಂದ ಅರಸ ಯಾವ ಬಟ್ಟೆ ತೊಟ್ಟಿರುತ್ತಿದ್ದ? ಸೈನಿಕನ ಸಂಬಳ ಎಷ್ಟು ತಿಂಗಳಿಗೊಮ್ಮೆ ಕೈಸೇರುತ್ತಿತ್ತು? ಕಚೇರಿಯ ಕರಣಿಕ ಲೆಕ್ಕ ಬರೆಯುತ್ತಿದ್ದದ್ದು ಯಾವುದರಿಂದ? ಹಂಪಿಯ ಬಂಡೆಗಳನ್ನು ಕೇಳಿದರೆ ಅವು ಹೇಳುವುದಿಲ್ಲ. ಶಾಸನಗಳು ಬಿರುದುಗಳನ್ನೂ ದಾನಗಳನ್ನೂ ಹೇಳಿ ಸುಮ್ಮನಾಗುತ್ತವೆ. ಆದರೆ ಉತ್ತರಗಳಿವೆ! ಇಷ್ಟಕ್ಕೂ ಉತ್ತರಗಳಿವೆ, ಅದೂ ದೂರದ ಹೆರಾತ್‌ನ ಒಬ್ಬ ರಾಯಭಾರಿ ಬರೆದ ಪಾರಸಿ ಚರಿತ್ರೆಯಲ್ಲಿ!

ಅವನು ಅಬ್ದುರ್ ರಝಾಕ್. 1413ರಲ್ಲಿ ಹೆರಾತ್‌ನಲ್ಲಿ ಹುಟ್ಟಿದವನು, ತೈಮೂರನ ಮಗ ಶಾರುಖ್‌ನ ಆಸ್ಥಾನದವನು. 1442ರ ಜನವರಿಯಲ್ಲಿ ಹೊರಟಾಗ ಮೂವತ್ತೂ ತುಂಬಿರಲಿಲ್ಲ. ಅವನನ್ನು ಕಳಿಸಿದ್ದು ಕಲ್ಲಿಕೋಟೆಗೆ, ವಿಜಯನಗರಕ್ಕಲ್ಲ. ಹೊರ್ಮುಜ್‌ನಲ್ಲಿ ಹಡಗು ಹತ್ತಿದ ಕೂಡಲೇ ಕಡಲಿನ ಭಯ ಅವನ ಜೀವ ಹಿಂಡಿತು. ಅರಬ್ ಕರಾವಳಿಯಲ್ಲಿ ಬೇಸಗೆಯ ಬೇಗೆ, ಜ್ವರ. ಕಲ್ಲಿಕೋಟೆ ಮುಟ್ಟಿದರೂ ಮನಸ್ಸು ನಿಲ್ಲಲಿಲ್ಲ. ಆಗ ವಿಜಯನಗರದ ದೂತ ಬಂದ: ಶಾರುಖ್‌ನ ರಾಯಭಾರಿಯನ್ನು ನಮ್ಮಲ್ಲಿಗೆ ಕಳಿಸಿಕೊಡಿ ಎಂದು ಅರಸನ ಕೋರಿಕೆ. ಎರಡನೆಯ ದೇವರಾಯ, ನಮ್ಮ ಪ್ರೌಢದೇವರಾಯ, ತಾನಾಗಿಯೇ ಕರೆಸಿಕೊಂಡ!

ಮಂಗಳೂರಿನಲ್ಲಿ ಇಳಿದ ಗಳಿಗೆಯಿಂದ ಈ ಮನುಷ್ಯನ ಬರಹದ ಧಾಟಿಯೇ ಬದಲಾಗುತ್ತದೆ. ಪಟ್ಟಣದಿಂದ ತುಸು ದೂರದಲ್ಲಿ ಪೂರ್ತಿ ಎರಕ ಹೊಯ್ದ ಲೋಹದ ದೇಗುಲ, ಅದರಲ್ಲಿ ಆಳೆತ್ತರದ ಚಿನ್ನದ ವಿಗ್ರಹ. ಕಣ್ಣುಗಳಿಗೆ ಕೂರಿಸಿದ ಕೆಂಪುಗಳು ಎಷ್ಟು ಸಜೀವವೆಂದರೆ, ಮೂರ್ತಿ ತನ್ನನ್ನೇ ನೋಡುತ್ತಿದೆ ಎನ್ನಿಸಿತಂತೆ. ಅಲ್ಲಿಂದ ಘಟ್ಟ, ಕಾಡು, ಬಯಲು ದಾಟಿ 1443ರ ಏಪ್ರಿಲ್ ಕೊನೆಯ ಹೊತ್ತಿಗೆ ರಾಜಧಾನಿ.

ಕೃಷ್ಣದೇವರಾಯ ಪಟ್ಟಕ್ಕೆ ಬರಲು ಇನ್ನೂ 66 ವರ್ಷ ಇತ್ತು! ಇಂದು ನಾವು ಹಂಪಿ ಎಂದೊಡನೆ ನೆನೆಯುವ ಕಲ್ಲಿನ ರಥ ಇನ್ನೂ ಎದ್ದಿರಲಿಲ್ಲ. ಆದರೂ ನಗರ ಅವನನ್ನು ದಂಗುಬಡಿಸಿತು. ಒಂದರೊಳಗೊಂದು ಏಳು ಸುತ್ತಿನ ಕೋಟೆ. ಹೊರಸುತ್ತುಗಳ ನಡುವೆ ಹೊಲ, ಮನೆ, ತೋಟ. ಒಳಕ್ಕೆ ಹೋದಂತೆ ಅಂಗಡಿ, ಪೇಟೆ. ಮುತ್ತು, ಕೆಂಪು, ಪಚ್ಚೆ, ವಜ್ರಗಳನ್ನು ರತ್ನಪಡಿ ವ್ಯಾಪಾರಿಗಳು ಬೀದಿಯಲ್ಲಿ ಹರಡಿಕೊಂಡು ಕೂತಿದ್ದರು. ಎಲ್ಲಿ ನೋಡಿದರೂ ಗುಲಾಬಿ! ಇಲ್ಲಿಯ ಜನಕ್ಕೆ ಅನ್ನ ಎಷ್ಟು ಮುಖ್ಯವೋ ಹೂವೂ ಅಷ್ಟೇ ಮುಖ್ಯ ಎಂದು ಅವನು ಗುರುತಿಸಿದ. ಅರಮನೆಯ ಆವರಣದಲ್ಲಿ ನುಣುಪಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಇಂದಿಗೂ ಆ ಆವರಣದಲ್ಲಿ ಕಲ್ಲಿನ ನೀರ್ದೋಣಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ನೀರು ಹರಿಯುವುದನ್ನು ನಮಗೆ ಕಾಣಿಸಬಲ್ಲದ್ದು ಇಂಥ ಬರಹ ಮಾತ್ರ.

ಈಗ ನಿಜವಾದ ಬೆರಗಿಗೆ ಬನ್ನಿ. ರತ್ನಗಳನ್ನು ಯಾವ ಪ್ರವಾಸಿಯಾದರೂ ಕಾಣುತ್ತಾನೆ. ಈತ ಕಚೇರಿಯೊಳಗೆ ಇಣುಕಿದ! ನಲವತ್ತು ಕಂಬದ ಆ ಚಾವಡಿಯಲ್ಲಿ ದಣ್ಣಾಯಕ ಕೂತು ಜನರ ಅಹವಾಲು ಕೇಳುತ್ತಿದ್ದ. ಕೆಲಸ ಮುಗಿದ ಮೇಲೆ ಬಾಗಿಲ ಮೇಲೆ ಬಾಗಿಲು ದಾಟಿ ಒಬ್ಬನೇ ಒಳಗೆ ಹೋಗಿ ಅರಸನಿಗೆ ವರದಿ ಒಪ್ಪಿಸುತ್ತಿದ್ದ. ಈ ದಣ್ಣಾಯಕ ‘ಶಿವತತ್ತ್ವ ಚಿಂತಾಮಣಿ’ ಬರೆದ ನಮ್ಮ ಲಕ್ಕಣ್ಣ ದಂಡೇಶನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಲ್ಲಿನ ಬರವಣಿಗೆ ಎರಡು ಬಗೆ. ಒಂದು, ಕಬ್ಬಿಣದ ಕಂಟದಿಂದ ಗರಿಯ ಮೇಲೆ ಕೊರೆಯುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆತುಕಲ್ಲಿನ ಕಡ್ಡಿಯಿಂದ ಬಿಳಿಯಾಗಿ ಬರೆಯುವುದು. ಇದು ಬಹುಕಾಲ ಉಳಿಯುತ್ತದೆ ಎಂದೂ ಸೇರಿಸಿದ. ಗೊತ್ತಾಯಿತಲ್ಲ? ಕಡತ, ಬಳಪ! 19ನೇ ಶತಮಾನದವರೆಗೂ ನಮ್ಮ ಶಾನುಭೋಗರ ಕೈಯಲ್ಲಿದ್ದ, ಶೃಂಗೇರಿ ಮಠದ ದಾಖಲೆಗಳಲ್ಲಿ ಇಂದಿಗೂ ಇರುವ ಅದೇ ಕಡತ. ದಿನಾ ಅದನ್ನು ಹಿಡಿದ ಕರಣಿಕನಿಗೆ ಅದರಲ್ಲಿ ಬರೆದಿಡುವಂಥದ್ದು ಏನೂ ಕಾಣಲಿಲ್ಲ. ಹೊರಗಿನವನಿಗೆ ಕಂಡಿತು!

ಟಂಕಸಾಲೆಯನ್ನೂ ಬಿಡಲಿಲ್ಲ. ವರಾಹ, ಹಣಗಳ ಲೆಕ್ಕ ಬರೆದ. ದಂಡಿನವರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ, ಅದೂ ಪ್ರಾಂತಗಳ ಮೇಲೆ ಬರಾತು ಬರೆದುಕೊಟ್ಟಲ್ಲ, ನೇರ ಖಜಾನೆಯಿಂದ. ರಾಜ್ಯವೊಂದರ ಬಲ ಎಲ್ಲಿದೆ ಎಂದು ತಿಳಿಯಲು ಎಲ್ಲಿ ನೋಡಬೇಕೋ ಅಲ್ಲಿಯೇ ನೋಡಿದ!

ಅರಸನ ಮುಂದೆ ನಿಂತ ದಿನವನ್ನು ನೋಡಿ. ಉಡುಗೊರೆಯಾಗಿ ಐದು ಕುದುರೆ, ತಟ್ಟೆಗಳಲ್ಲಿ ಪಟ್ಟೆ ಬಟ್ಟೆ. ಎದುರಿಗೆ ಎತ್ತರದ, ತೆಳು ಮೈಕಟ್ಟಿನ ಯುವ ಅರಸ, ಹಸಿರು ರೇಷ್ಮೆ ನಿಲುವಂಗಿ, ಕೊರಳಲ್ಲಿ ಮುತ್ತು. ಶೀತದೇಶದ ದಪ್ಪ ಬಟ್ಟೆಯಲ್ಲಿ ರಾಯಭಾರಿ ಬೆವರಿ ತೊಯ್ದಿದ್ದ. ಅದನ್ನು ಕಂಡು ದೇವರಾಯ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟುಬಿಟ್ಟ! ಮುಂದೆ ವಾರಕ್ಕೆ ಎರಡು ಬಾರಿ ಸಂಜೆ ಕರೆ, ತಾಂಬೂಲ, ಹಣದ ಚೀಲ, ಕರ್ಪೂರ. ವೀಳ್ಯ ಮುಖಕ್ಕೆ ಕಳೆ ಕೊಡುತ್ತದೆ, ಹಸಿವು ತಣಿಸುತ್ತದೆ, ಹಲ್ಲು ಗಟ್ಟಿ ಮಾಡುತ್ತದೆ ಎಂದು ಅವನು ಅದರ ಗುಣಗಳನ್ನು ಒಂದೊಂದಾಗಿ ಎಣಿಸಿದ. ಮಹಾನವಮಿಯಲ್ಲಿ ಸಿಂಗರಿಸಿದ ಆನೆಗಳ ಹಿಂಡು, ಮೂರರಿಂದ ಐದು ಅಂತಸ್ತಿನ ಮಂಟಪಗಳು, ಅವುಗಳಲ್ಲಿ ಕೆಲವು ತಿರುಗುವಂಥವು!

ಎಲ್ಲವೂ ಸುಖವಾಗಿರಲಿಲ್ಲ. ಹೊರ್ಮುಜ್‌ನ ಕೆಲವು ವರ್ತಕರು ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಚಾಡಿ ಹೇಳಿದರು. ದಣ್ಣಾಯಕ ಕಲಬುರಗಿಯ ಕಡೆ ದಂಡು ಕೊಂಡೊಯ್ದಿದ್ದಾಗ ಅವನ ಜಾಗಕ್ಕೆ ಬಂದ ಅಧಿಕಾರಿ ದಿನದ ಪಡಿಯನ್ನೇ ನಿಲ್ಲಿಸಿದ. ಮರಳಿ ಬಂದ ದಣ್ಣಾಯಕ ಅದಕ್ಕಾಗಿ ಕೋಪಗೊಂಡು, ಅಂದೇ ಟಂಕಸಾಲೆಯಿಂದ 7000 ವರಾಹ ಕೊಡಿಸಿದ. 1443ರ ಕೊನೆಗೆ ಅಬ್ದುರ್ ರಝಾಕ್ ಊರಿನ ದಾರಿ ಹಿಡಿದ.

ಇನ್ನು ಇದನ್ನು ಗಮನಿಸಿ. ದೇವರಾಯ 1446ರಲ್ಲಿ ತೀರಿಕೊಂಡ, ಶಾರುಖ್ 1447ರಲ್ಲಿ. ಅಬ್ದುರ್ ರಝಾಕ್‌ನ ಚರಿತ್ರೆ ಬರುವುದು 1470ರವರೆಗೆ. ಅದು ಮುಗಿಯುವ ಹೊತ್ತಿಗೆ ಮೆಚ್ಚಿಸಬೇಕಾದ ಅರಸರು ಇಬ್ಬರೂ ಇರಲಿಲ್ಲ, ಹೊಗಳಿದರೆ ಸಿಗುವ ಲಾಭವೂ ಇರಲಿಲ್ಲ. ಬೇರೆ ಧರ್ಮದ, ಬೇರೆ ನುಡಿಯ, ನಡುವೆ ತನ್ನನ್ನು ಅನುಮಾನಿಸಿದ ನಗರ ಅದು. ಆದರೂ ಅದರ ಹಿರಿಮೆಯಲ್ಲಿ ಒಂದು ಎಳೆಯನ್ನೂ ಅವನು ಕಡಿಮೆ ಮಾಡಲಿಲ್ಲ. ನಮ್ಮ ರಾಜಧಾನಿಯ ದಿನನಿತ್ಯದ ಬದುಕು ನಮಗೆ ಸಿಕ್ಕಿರುವುದು ಈ ಪ್ರಾಮಾಣಿಕತೆಯಿಂದ. ಹಂಪಿಗೆ ಹೊರಡುವ ಪ್ರತಿಯೊಬ್ಬ ಕನ್ನಡಿಗನೂ ಮೊದಲು ಅವನ ಬರಹ ಓದಬೇಕು, ನಮ್ಮ ಮಕ್ಕಳ ಪಾಠದಲ್ಲಿ ಆ ಬಳಪ, ಆ ಬೀಸಣಿಗೆ, ಆ ಗುಲಾಬಿ ಎಲ್ಲವೂ ಬರಬೇಕು!