ಪ್ಲಸ್ ಒರೆಸಿ ಏಳು ಬರೆದರು

ಆನೆ ಹಿಂಡು ಸಾನಮಾವು ಕಾಡಿಗಿಳಿದಿದೆ, ಕತ್ತಲಾದ ಮೇಲೆ ಹೊಲದ ಕಡೆ ಹೋಗಬೇಡಿ ಎಂದು ಸಾರಿದ್ದರು. ಹಾಗಾಗಿ ಊರಲ್ಲೇ ಉಳಿದೆ. ಹೊಸೂರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ದೊಡ್ಡಪ್ಪ ಟ್ರಂಕಿನಿಂದ ಹಳದಿಗಟ್ಟಿದ ಜೆರಾಕ್ಸ್ ಪ್ರತಿಯೊಂದನ್ನು ತೆಗೆದುಕೊಟ್ಟರು: ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ಎಲ್.ಎಂ. ಪಟ್ನಾಯಕ್, ಆರ್. ಗೋವಿಂದರಾಜನ್ ಮತ್ತು ಎನ್.ಎಸ್. ರಾಮದಾಸ್ 1986ರಲ್ಲಿ ಪ್ರಕಟಿಸಿದ 'ಎಕ್ಸ್‌ಮ್ಯಾನ್' ಪ್ರಬಂಧ.

ಮ್ಯಾಂಚೆಸ್ಟರ್‌ನ ಡೇಟಾಫ್ಲೋ ಯಂತ್ರವನ್ನು ಹಿಗ್ಗಿಸಿದ ವಿನ್ಯಾಸವದು. ಅಲ್ಲಿ ಆಜ್ಞೆಗಳ ಸಾಲಿಲ್ಲ. ಪ್ರೋಗ್ರಾಮೇ ಬಾಣಗಳ ಚಿತ್ರ. ಬೇಕಾದ ಎರಡು ಅಂಕಿ ಜೋಡಿಯಾದ ಕ್ಷಣ ಲೆಕ್ಕ ಶುರು. ಆದರೆ ಜೋಡಿ ಕೂಡಿಸುವ ಘಟಕದ ಬಾಗಿಲಲ್ಲೇ ನೂಕುನುಗ್ಗಲು. ಅದಕ್ಕೇ ಬೆಂಗಳೂರಿನವರು ಅಂಥ ಘಟಕಗಳನ್ನು ಹಲವು ಮಾಡಿದರು. ನನಗೆ ಮಜಾ ಅನ್ನಿಸಿದ್ದು ಬೇರೆಯೇ. ಈ ಸಮಾಂತರ ಯಂತ್ರ ಓಡಿದ್ದು ಡೆಕ್ 1090 ಕಂಪ್ಯೂಟರಿನೊಳಗೆ, ಸಿಮ್ಯುಲಾ 67 ಭಾಷೆಯಲ್ಲಿ ಬರೆದ ಅಣಕು ರೂಪದಲ್ಲಿ!

"ಇದ್ರಲ್ಲಿ ಚಿತ್ರ ಹಂಗೇ ಇರ್ತದೆ, ಅಂಕಿ ಓಡಾಡ್ತದೆ. ಇನ್ನೊಂದು ದಾರೀಲಿ ಚಿತ್ರಾನೇ ಕರಗ್ತದೆ, ನೋಡು" ಎಂದ ದೊಡ್ಡಪ್ಪ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಾಕಾರ ಚಿಹ್ನೆ ಬರೆದರು. ಅದರಿಂದ ಎರಡು ಬಾಣ, ಎರಡೂ ಒಂದೇ ಪ್ಲಸ್‌ಗೆ; ಅದರಡಿ 3 ಮತ್ತು 4. ಪ್ಲಸ್ ಒರೆಸಿ 7 ಬರೆದರು. ಎರಡು ಬಾಣಕ್ಕೂ ಈಗ 7. ಕೂಡಿದ್ದು ಒಂದೇ ಸಲ. ಆಮೇಲೆ ಗುಣಾಕಾರವನ್ನೂ ಒರೆಸಿ 49. ಗ್ರಾಫ್ ರಿಡಕ್ಷನ್ ಅಂದರೆ ಇಷ್ಟೇ. 1971ರಲ್ಲಿ ಆಕ್ಸ್‌ಫರ್ಡ್‌ನ ವಾಡ್ಸ್‌ವರ್ತ್ ಹೇಳಿದ್ದು. ಫಂಕ್ಷನಲ್ ಭಾಷೆಗಳಲ್ಲಿ ಒಮ್ಮೆ ಕೊಟ್ಟ ಬೆಲೆ ಬದಲಾಗದ ಕಾರಣ ಯಾವ ಮೂಲೆಯನ್ನು ಯಾರು ಮೊದಲು ಒರೆಸಿದರೂ ಉತ್ತರ ಅದೇ. ಇದನ್ನೇ ನಂಬಿ 1980ರ ದಶಕದಲ್ಲಿ ಲಂಡನ್‌ನಲ್ಲಿ ಆಲಿಸ್, ಗ್ರಿಪ್ ಎಂಬ ಯಂತ್ರಗಳನ್ನೇ ಕಟ್ಟಿದರು.

ಹಲವು ಕೋರ್‌ಗಳು ಒಟ್ಟಿಗೇ ಒರೆಸುವಾಗ ಇಬ್ಬರು ಒಂದೇ ಪ್ಲಸ್‌ಗೆ ಕೈ ಹಾಕಿದರೆ? ಹ್ಯಾಸ್ಕೆಲ್ ಭಾಷೆಯ ಜಿಎಚ್‌ಸಿ ಕಂಪೈಲರ್‌ನಲ್ಲಿ, ಲೆಕ್ಕ ನಡೆಯುತ್ತಿರುವ ಗಂಟಿಗೆ, ಅಂದರೆ ಚಿತ್ರದ ಪ್ಲಸ್‌ನಂಥ ಬಿಂದುವಿಗೆ, 'ಬ್ಲ್ಯಾಕ್‌ಹೋಲ್' ಎಂಬ ಗುರುತು ಬೀಳುತ್ತದೆ, ಉಳಿದವರು ಕಾಯಬೇಕು. ಆದರೆ ಪ್ರತಿ ಗಂಟಿಗೂ ಬೀಗ ಜಡಿಯುತ್ತಾ ಕೂತರೆ ವೇಗವೆಲ್ಲ ಅಲ್ಲೇ ಸೋರಿಹೋಗುತ್ತದೆ. ಹಾಗಾಗಿ ಗುರುತನ್ನು ಸಾಮಾನ್ಯವಾಗಿ ತಡವಾಗಿ, ಆ ಲೆಕ್ಕ ಮಾಡುತ್ತಿದ್ದ ಥ್ರೆಡ್ ನಿಂತಾಗ ಹಾಕುತ್ತಾರೆ. ನಡುವೆ ಇಬ್ಬರು ಅದೇ ಲೆಕ್ಕ ಮಾಡಿದರೆ ಮಾಡಿಕೊಳ್ಳಲಿ, ಇಬ್ಬರಿಗೂ ಬರುವುದು 7 ತಾನೆ! ಶುದ್ಧ ಗಣಿತದ ಮನೆಯಲ್ಲಿ ಇಂಥ ಉಡಾಫೆ ನನಗೆ ಬಹಳ ಹಿಡಿಸಿತು.

ದೊಡ್ಡಪ್ಪ ಮಾತ್ರ ಕರಗಲಿಲ್ಲ. "ಮೂರು ನಾಲ್ಕು ಕೂಡೋಕೆ ಪಕ್ಕದೋನ್ನ ಕರೆಯೋ ಹೊತ್ಗೆ ನಾನೇ ಕೂಡಿರ್ತೀನಿ" ಎಂದರು. ನಿಜವೇ. ಸಮಾಂತರತೆ ತಾನಾಗಿ ಒದಗುತ್ತದೆಂಬ ಹಳೆಯ ಆಸೆ ಪೂರ್ತಿ ಕೈಗೂಡಿಲ್ಲ. ಯಾವ ಲೆಕ್ಕ ಹಂಚಲು ಯೋಗ್ಯವೆಂದು ಹ್ಯಾಸ್ಕೆಲ್ ಬರೆಯುವವರೇ 'ಪಾರ್' ಎಂದು ಸೂಚಿಸಬೇಕು. ಪುರುಸೊತ್ತಿರುವ ಕೋರ್ ಇದ್ದರೆ ಎತ್ತಿಕೊಳ್ಳುತ್ತದೆ. ಇಲ್ಲವೇ ಬೇಕಾದವರು ತಾವೇ ಮಾಡಿಕೊಳ್ಳುತ್ತಾರೆ.