ಬೇಳೆ ಬೇಯದ ನೀರು

ಗೋವೆಯ ಕೊರ್ತಾಲಿಮ್‌ನ ಹೊಳೆದಂಡೆಯಲ್ಲಿ ಬೆಳಗಿನ ಏಳಕ್ಕೆ ನಿಂತರೆ ಜುವಾರಿ ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ಥಟ್ಟನೆ ತಿಳಿಯುವುದಿಲ್ಲ. ಉಬ್ಬರದ ಹೊತ್ತಿಗೆ ಕಡಲು ಒಳಕ್ಕೆ ತಳ್ಳುತ್ತದೆ, ಹೊಳೆ ಹಿಂದಕ್ಕೆ ಸರಿಯುತ್ತದೆ, ಮಡ್ಕೈಗೆ ಹೊರಟ ಫೆರಿ ಆ ಸೆಳೆತಕ್ಕೆ ತುಸು ಓರೆಯಾಗಿಯೇ ಸಾಗುತ್ತದೆ. ತಲೆಯ ಮೇಲೆ 2022ರ ಡಿಸೆಂಬರಿನಲ್ಲಿ ಓಡಾಟಕ್ಕೆ ತೆರೆದ ಹೊಸ ಸೇತುವೆಯ ಕೇಬಲ್ಲುಗಳು ಮಗ್ಗಕ್ಕೆ ಹೂಡಿದ ನೂಲಿನಂತೆ ಬಿಗಿದು ನಿಂತಿವೆ. ಕೆಳಗೆ ರಸ್ತೆ ಬದಿಯಲ್ಲಿ ಮೀನಿನ ಹೆಂಗಸರು ಬುಟ್ಟಿ ಬಿಚ್ಚಿದ್ದಾರೆ. ಬಂಗಡೆ, ತಾರ್ಲೆ, ಅವುಗಳ ಪಕ್ಕ ಗುಡ್ಡೆ ಗುಡ್ಡೆಯಾಗಿ ತಿಸ್ರ್ಯೊ. ನಮ್ಮ ಅಘನಾಶಿನಿಯ ಕಡೆಯವರು ಬಳಚು ಎನ್ನುತ್ತಾರಲ್ಲ, ಅದರದೇ ಬಳಗ. ಕೆಸರು, ಉಪ್ಪು, ಡೀಸೆಲ್ ಹೊಗೆ ಮೂರೂ ಬೆರೆತ ಗಾಳಿ. ಗುಡ್ಡೆಯೊಂದನ್ನು ಚೀಲಕ್ಕೆ ಸುರಿಯುವಾಗ ಚಿಪ್ಪುಗಳು ಚಿಲ್ಲರೆ ಕಾಸಿನ ಹಾಗೆ ಸದ್ದು ಮಾಡುತ್ತವೆ. ಆ ಚೀಲದ ಬೆನ್ನಿಗೇ ನಾನು ಗುಡ್ಡದ ದಾರಿ ಹಿಡಿದೆ.

ಕೊಂಕಣಿಯಲ್ಲಿ ಈ ಊರು ಕುಠ್ಠಾಳಿ, ಹಳೆಯ ಹೆಸರು ಕುಶಸ್ಥಳಿ. ಇಲ್ಲಿದ್ದ ಮಂಗೇಶ ದೇವರು 1560ರಲ್ಲಿ ಹೊಳೆ ದಾಟಿ ಆಚೆಯ ಪ್ರಿಯೋಳಕ್ಕೆ ಹೋದ. ಈಗ ಘಟ್ಟದ ಮೇಲಿನಿಂದ ಇಳಿದು ಬಂದವರು ಇಲ್ಲಿ ಮನೆ ಮಾಡಿದ್ದಾರೆ. ಜುವಾರಿನಗರ, ವಾಸ್ಕೋ ಕಡೆ ಕಿವಿಗೊಟ್ಟರೆ ಸಾಕು, ವಿಜಯಪುರ, ಬಾಗಲಕೋಟೆಯ ಕನ್ನಡ ಬೀಳುತ್ತದೆ. ನಾನು ಹೊರಟ ಮನೆಯೂ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಯವರದು. ಚಿರೇಕಲ್ಲಿನ ಗೋಡೆ, ಹಿತ್ತಲಲ್ಲಿ ಚಿರೇಕಲ್ಲನ್ನೇ ಕೊರೆದು ತೆಗೆದ ಬಾವಿ, ಜಗುಲಿಯ ಮೇಲೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಐವತ್ತೈದು ಲೀಟರು ನೀರು ಹಿಡಿಯುತ್ತದೆ. ಒಳಗೆ ತೊಳೆದ ಹೊಳೆಮರಳು, ನಾಲ್ಕು ಎಳೆ ಗಿಡ, ಮೂಲೆಯಲ್ಲಿ ಗುಳುಗುಳು ಎನ್ನುವ ಸ್ಪಂಜಿನ ಫಿಲ್ಟರು. ಬಸವನಹುಳು ಮಾತ್ರ ಇಲ್ಲ.

“ಕಾಕಾ, ಇದನ್ನ ನೋಡ್ರಿ” ಎಂದು ಹತ್ತನೆಯ ತರಗತಿಯ ಹುಡುಗಿ ಅಂಗೈ ಚಾಚಿದಳು. ಹಿಂದಿನ ಸಲದ ಬಸವನಹುಳುವಿನ ಖಾಲಿ ಚಿಪ್ಪು. ಬಂಗಾರ ಬಣ್ಣದ್ದು, ಅಂಗಡಿಯಿಂದ ತಂದಾಗ ಮಣಿಯ ಹಾಗೆ ಹೊಳೆಯುತ್ತಿತ್ತಂತೆ. ಈಗ ಸುರುಳಿಯ ತುದಿ ಸವೆದು ಸುಣ್ಣ ಬಳಿದಂತೆ ಬೆಳ್ಳಗಾಗಿದೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ. ಬೆಳಕಿಗೆ ಹಿಡಿದರೆ ಒಂದು ಗುಳಿ ಆಚೆಯವರೆಗೂ ತೂತು. ಸುರುಳಿಯ ತುದಿಯೆಂದರೆ ಚಿಪ್ಪಿನ ಅತ್ಯಂತ ಹಳೆಯ ಭಾಗ, ಹುಳು ಮರಿಯಾಗಿದ್ದಾಗ ಕಟ್ಟಿಕೊಂಡದ್ದು. ಸವೆತ ಅಲ್ಲಿಂದಲೇ ಶುರುವಾಗುತ್ತದೆ. ಹೊಟ್ಟೆಗಿಲ್ಲದೆ ಸತ್ತದ್ದಲ್ಲ ಅದು. ಮೈಮೇಲಿನ ಮನೆಯನ್ನೇ ನೀರು ತಿಂದುಹಾಕಿತ್ತು.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಯುಗಯುಗಗಳ ಮಳೆ ಈ ಕೆಂಪು ಕಲ್ಲಿನ ಸುಣ್ಣವನ್ನೆಲ್ಲ ತೊಳೆದು ಕಬ್ಬಿಣವನ್ನು ಉಳಿಸಿದೆ. ಹಾಗಾಗಿ ಚಿರೇಕಲ್ಲಿನ ಬಾವಿಯ ನೀರು ಬಲು ಮೆದು, ತುಸು ಹುಳಿ. ಅದೇ ಲೋಕಾಪುರದ ಸುತ್ತ ನೆಲ ಅಗೆದರೆ ಸುಣ್ಣಕಲ್ಲು, ಸಿಮೆಂಟಿಗೆ ಒಯ್ಯುವಂಥದ್ದು. ಹುಡುಗಿಯ ತಾಯಿ ತಿಸ್ರ್ಯೊ ತೊಳೆಯುತ್ತಲೇ ಹೇಳಿದರು: “ಊರಾಗ ನಮ್ಮ ಬಾವಿ ನೀರಿಗೆ ಬ್ಯಾಳಿ ಬೇಯ್ತಿದ್ದಿಲ್ರಿ. ಎರಡ ತಾಸು ಕುದಿಸಿದ್ರೂ ಕಾಳ ಕಾಳನಽ. ಇಲ್ಲಿ ನೋಡ್ರಿ, ಬೆಣ್ಣಿ ಹಂಗ ಕರಗ್ತಾವ. ಆದ್ರ ಹುಳಕ್ಕ ಆ ನೀರಽ ಬೇಕಂತ.”

ಅಷ್ಟು ನಿಜ. ಹಂಡೆಯ ಒಳಗೆ ಬಿಳಿ ಪರೆ ಕಟ್ಟುವ, ಸೋಪು ನೊರೆಯೇಳದ, ಬೇಳೆ ಬೇಯದ ಗಡಸು ನೀರು ಬಸವನಹುಳುವಿಗೆ ಅಮೃತ. ಅದರಲ್ಲಿರುವ ಕ್ಯಾಲ್ಸಿಯಂ ಎಳೆದುಕೊಂಡು, ಮೈಯಂಚಿನ ಎಳೆಪದರದಿಂದ ಸ್ರವಿಸಿ, ಕೂದಲೆಳೆಯಷ್ಟೇ ಆಗಲಿ ದಿನವೂ ಚಿಪ್ಪಿನ ಬಾಯಿಗೆ ಕಟ್ಟುತ್ತಾ ಹೋಗುತ್ತದೆ. ಘಟ್ಟದ ಮೇಲಿನ ಆ ನೀರನ್ನು ಇಲ್ಲಿ ತಯಾರಿಸುವುದೇ ಈ ಮನೆಯವರ ಈಗಿನ ಕೆಲಸ.

ಹೊಳೆನೀರು ತರುವಂತಿಲ್ಲ, ಉಪ್ಪು. ನಲ್ಲಿಗೆ ಬರುವುದು ಅದೇ ಜುವಾರಿಯ ಉಪನದಿಗೆ ಸಾಂಗೆಯಲ್ಲಿ ಕಟ್ಟಿದ ಸಾಲಾವಲಿ ಅಣೆಕಟ್ಟೆಯ ಸಿಹಿನೀರು, ಆದರೆ ಶುದ್ಧೀಕರಣದ ಕ್ಲೋರಿನ್ ವಾಸನೆಯೂ ಜೊತೆಗೆ ಬರುತ್ತದೆ. ಹುಡುಗಿ ಅದನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ಬಾಯ್ತೆರೆದು ಇಡುತ್ತಾಳೆ, ಬೆಳಿಗ್ಗೆ ಉಳಿದ ಕ್ಲೋರಿನ್ ಕಳೆಯಲು ಎರಡು ಹನಿ ಹೈಪೋ ಹಾಕುತ್ತಾಳೆ. ಬಕೆಟ್ಟು ಪ್ಲಾಸ್ಟಿಕ್ಕಿನದು. ಹಿಂದಿನ ಸಲ ಬಾವಿನೀರು ತುಂಬಿಟ್ಟದ್ದು ಅಜ್ಜಿಯ ತಾಮ್ರದ ಕೊಡದಲ್ಲಿ. ಮನುಷ್ಯರ ಮೈಗೆ ಒಳ್ಳೆಯದೆಂದು ನಾವು ಕುಡಿಯುವ ಆ ನೀರಿನ ತಾಮ್ರ ಬಸವನಹುಳುವಿಗೆ ವಿಷ; ಮೀನಿಗೆ ಹಾಕುವ ಎಷ್ಟೋ ಔಷಧಗಳಲ್ಲೂ ಅದು ಇರುತ್ತದೆ, ಸೀಸೆಯ ಚೀಟಿ ಓದದೆ ಹಾಕಬಾರದು. ಚಿಪ್ಪು ಸವೆದದ್ದು ಬಾವಿನೀರಿನಿಂದ, ಹುಳು ಬೇಗ ಹೋದದ್ದು ಬಹುಶಃ ಕೊಡದಿಂದ. ಇದನ್ನು ಹೇಳುವಾಗ ಹುಡುಗಿ ಕೊಡದ ಕಡೆ ನೋಡಲಿಲ್ಲ. ಅಜ್ಜಿ ಅಲ್ಲೇ ಕೂತಿದ್ದರು.

ಒಳಗೆ ತಿಸ್ರ್ಯೊ ಬೆಂದು ಬಾಯಿ ಬಿಟ್ಟವು. ತೆಂಗಿನಕಾಯಿ ಮಸಾಲೆಗೆ ಮಾಂಸ ಹೋಯಿತು, ಚಿಪ್ಪು ನಮಗೆ ಬಂತು. ಹೊಸದನ್ನು ಹಾಗೇ ಬಳಸುವುದಿಲ್ಲ: ಮತ್ತೊಮ್ಮೆ ಕುದಿಸಿ, ನಾರಿನಿಂದ ಉಜ್ಜಿ, ಉಪ್ಪು ಬಿಡುವವರೆಗೆ ನೀರು ಬದಲಿಸುತ್ತ ನೆನೆಹಾಕಿ, ಬಿಸಿಲಿಗೆ ಒಣಗಿಸಬೇಕು. ಹಾಗೆ ಒಣಗಿದ ಹಳೆಯ ಚಿಪ್ಪು ಒಂದು ಮೊರದ ತುಂಬ ಇತ್ತು. ಒರಳಿನಲ್ಲಿ ಹಾಕಿ ಕುಟ್ಟಿದಾಗ ಮೊದಲು ಚಟಚಟ, ಆಮೇಲೆ ಜೋಳ ಒಡೆದಂಥ ಒಣ ಸದ್ದು. ಹುಡುಗಿ ಎರಡು ಹಿಡಿ ಚೂರನ್ನು ಬಲೆಯ ಚೀಲಕ್ಕೆ ತುಂಬಿ ಫಿಲ್ಟರಿನ ಗುಳ್ಳೆಗಳ ಪಕ್ಕ ಇಳಿಬಿಟ್ಟಳು. ನೀರು ಹುಳಿಯಿದ್ದಷ್ಟೂ ಚಿಪ್ಪು ಬೇಗ ಕರಗುತ್ತದೆ, ಹುಳಿ ಇಳಿದಂತೆ ಕರಗುವುದೂ ತಾನಾಗಿ ನಿಧಾನವಾಗುತ್ತದೆ. ಅಳತೆ ತಪ್ಪುವ ಭಯ ಕಡಿಮೆ. ಇದು ನನಗೆ ಬಹಳ ಹಿಡಿಸಿತು.

ಬಳಿಕ ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ನೀರು ಹಿಡಿದು ಹನಿ ಎಣಿಸಿದಳು. ಕಿತ್ತಳೆ ಬಣ್ಣ ಹಸಿರಿಗೆ ತಿರುಗಲು ಎಷ್ಟು ಹನಿ ಬೇಕೋ ಗಡಸುತನ ಅಷ್ಟು ಡಿಗ್ರಿ, ಒಂದೊಂದು ಡಿಗ್ರಿಯೂ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಎರಡನೆಯ ಹನಿಗೇ ಹಸಿರಾಯಿತು. ಎಂಟಾದರೂ ಬೇಕು.

ಇನ್ನು ಕಾಯುವುದು. ಖಾಲಿ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಉದುರಿಸುತ್ತಾರೆ. ಅದು ಕೊಳೆತು ಅಮೋನಿಯ, ಅದನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡಿ, ಇನ್ನೊಂದು ಬಗೆಯದು ನೈಟ್ರೇಟ್ ಮಾಡಿ, ಈ ಸರಪಳಿ ನೆಲೆಯೂರಲು ನಾಲ್ಕರಿಂದ ಆರು ವಾರ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಹುಳು ಬಿಟ್ಟವರು ಇಲ್ಲಿಯೇ ಸೋಲುತ್ತಾರೆ.

ಜನವರಿಯಲ್ಲಿ ಮತ್ತೆ ಹೋದೆ. ತೊಟ್ಟಿಯ ಮೇಲೆ ಮುಚ್ಚಳ ಬಿದ್ದಿತ್ತು, ರಾತ್ರಿ ಹತ್ತಿ ಹೊರಬೀಳುವ ಜಾತಿ ಇದು. ನೀರಿನ ಮೇಲ್ಗಡೆ ಗಾಜಿಗೆ ಗೊಂಚಲಾಗಿ ಇಡುವ ಮೊಟ್ಟೆಯನ್ನು ಹುಡುಗಿ ಕೆರೆದು, ಜಜ್ಜಿ ಎಸೆಯುತ್ತಾಳೆ. ಹೊರಗೆ ಬಿಡುವ ಮಾತೇ ಇಲ್ಲ. ಇದರ ಒಡಹುಟ್ಟಿನಂಥ ಇನ್ನೊಂದು ಜಾತಿ 1980ರ ದಶಕದಲ್ಲಿ ಫಿಲಿಪ್ಪೀನ್ಸಿನ ಭತ್ತದ ಗದ್ದೆಗಳನ್ನು ಹೇಗೆ ಮೇಯ್ದಿತೆಂದು ಅವಳು ಓದಿದ್ದಾಳೆ, ಗುಡ್ಡದ ಕೆಳಗೇ ಖಾಜಾನ್ ಎಂಬ ಭತ್ತದ ಗದ್ದೆಗಳಿವೆ.

ಬೇಯಿಸಿದ ಸೌತೆಕಾಯಿಯ ಬಿಲ್ಲೆಯ ಮೇಲೆ ಮೂರು ಹುಳು ಕೂತಿದ್ದವು, ಬಸವನ ಕೊಂಬಿನಂಥ ಮೀಸೆ ಆಡಿಸುತ್ತ. ಕಿವಿಯನ್ನು ತೊಟ್ಟಿಗೆ ಆನಿಸಿದರೆ ಫಿಲ್ಟರಿನ ಸದ್ದಷ್ಟೇ. ಒಂದು ಗಾಜಿಗೆ ಅಂಟಿ ಏರತೊಡಗಿತು. ಕೊಳವೆಯಂಥ ಸೊಂಡಿಲನ್ನು ನೀರಿನಾಚೆ ಚಾಚಿ ಮೈಯನ್ನೆಲ್ಲ ಹಿಂದೆಮುಂದೆ ದೂಡುತ್ತ ಗಾಳಿ ಎಳೆದುಕೊಂಡಿತು. ಆಗ ಅದರ ಚಿಪ್ಪು ನನ್ನ ಕಣ್ಣಿಗೆ ಒಂದು ಗೇಣು ದೂರದಲ್ಲಿತ್ತು. ಅಂಗಡಿಯಿಂದ ತರುವಾಗಲೇ ಇದ್ದ ಹಳೆಯ ಭಾಗ ಮಂಕು, ಒರಟು. ಅಲ್ಲಿಂದ ಒಂದು ಸಣ್ಣ ಗೆರೆ. ಗೆರೆಯ ಈಚೆ ಬಾಯಿಯಂಚಿನವರೆಗೆ ಅರ್ಧ ಬೆರಳಿನಗಲ ಹೊಸ ಚಿಪ್ಪು, ಜೇನಿನ ಬಣ್ಣದ್ದು, ನುಣುಪು. ಹುಡುಗಿ ಆ ಗೆರೆಯ ನೇರಕ್ಕೆ ಗಾಜಿನ ಮೇಲೆ ಉಗುರು ಇಟ್ಟು ತೋರಿಸಿದಳು. ಒಳಗಿನಿಂದ ಒರಳಿನ ಸದ್ದು ಕೇಳುತ್ತಿತ್ತು, ಚಟಚಟ.